ರೆಡ್ ಅಲರ್ಟ್ ಇದೆ, ಬರೋದು ಬಿಡೋದು ನಿಮ್ಮಿಷ್ಟ

ಮುಂಬೈ ಕಂಪನಿಗಳ ಎಚ್‌ಆರ್‌ನವರು ಪ್ರತಿ ಮಳೆಗಾಲಕ್ಕೂ ಕಳಿಸೋ ಒಂದು ಮೇಲ್ ಇದೆ, ಅದನ್ನ ಓದಿ ಬಾ ಅಂದ್ರೋ ಬರಬೇಡ ಅಂದ್ರೋ ಅಂತ ಹೇಳಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ. "ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ" ಅಂತ ಶುರುವಾಗತ್ತೆ, "ಆಫೀಸ್ ಎಂದಿನಂತೆ ನಡೆಯುತ್ತದೆ" ಅಂತ ನಡುವಲ್ಲಿ ಬರತ್ತೆ, "ಬರೋದು ಬಿಡೋದು ನಿಮ್ಮ ಡಿಸ್ಕ್ರೀಶನ್‌ಗೆ ಬಿಟ್ಟಿದ್ದು, ಮ್ಯಾನೇಜರ್ ಜೊತೆ ಮಾತಾಡಿಕೊಳ್ಳಿ" ಅಂತ ಮುಗಿಯತ್ತೆ. ಕೆಳಗೆ ಹಳದಿ ಕೊಡೆ ಹಿಡ್ಕೊಂಡು ನಗ್ತಾ ಇರೋ ಹುಡುಗಿ ಚಿತ್ರ. ಮೇಲ್ ಬರೋದು ಬೆಳಗ್ಗೆ ಒಂಬತ್ತೂಕಾಲಿಗೆ. ಅಷ್ಟೊತ್ತಿಗೆ ಡೊಂಬಿವಲಿ ಮಂದಿ ಠಾಣೆ ದಾಟಿರ್ತಾರೆ, ವಿರಾರ್ ಮಂದಿ ಯಾರದೋ ಬೆನ್ನಿಗೆ ಮೂಗು ಒತ್ತಿಕೊಂಡು ಅಂಧೇರಿ ಹತ್ರ ನಿಂತಿರ್ತಾರೆ, ಜೇಬಿಂದ ಮೊಬೈಲ್ ತೆಗೆಯೋಕೇ ಕೈ ಆಡಲ್ಲ, ಇನ್ನು ಡಿಸ್ಕ್ರೀಶನ್ ಎಲ್ಲಿಂದ ತೆಗೀಬೇಕು.

ಹವಾಮಾನ ಇಲಾಖೆಯವರು ಪಾಪ ಬಿಡಿಸೇ ಹೇಳಿದ್ದಾರೆ. ಹಳದಿ ಅಂದ್ರೆ ಗಮನ ಇಟ್ಟಿರಿ, ಕಿತ್ತಳೆ ಅಂದ್ರೆ ತಯಾರಾಗಿರಿ, ಕೆಂಪು ಅಂದ್ರೆ ಈಗಲೇ ಏನಾದ್ರೂ ಮಾಡಿ. 24 ಗಂಟೇಲಿ 204.4 ಮಿ.ಮೀ. ದಾಟೋ ಮಳೆಯನ್ನ ಅವರು ಅತ್ಯಂತ ಭಾರೀ ಅಂತ ಲೆಕ್ಕ ಹಾಕ್ತಾರೆ. ನಮ್ಮ ಆಫೀಸುಗಳಲ್ಲಿ ಈ ಬಣ್ಣಗಳಿಗೆ ಬೇರೇನೇ ಅರ್ಥ: ಹಳದಿಗೆ ಕೊಡೆ ತನ್ನಿ, ಕಿತ್ತಳೆಗೆ ಮನೆಯಿಂದ ಬೇಗ ಹೊರಡಿ, ಕೆಂಪಿಗೆ ಇನ್ನೂ ಬೇಗ ಹೊರಡಿ.

2025ರ ಆಗಸ್ಟ್ 19ರಂದು ಪಾಲಿಕೆಯವರು ಸರಕಾರಿ ಆಫೀಸುಗಳಿಗೆ ರಜೆ ಕೊಟ್ಟು, ಖಾಸಗಿಯವರೇ ದಯವಿಟ್ಟು ನಿಮ್ಮ ಜನಕ್ಕೆ ಮನೆಯಿಂದ ಕೆಲಸ ಮಾಡೋಕೆ ಹೇಳಿ ಅಂತ ಮನವಿ ಮಾಡಿದ್ರು. ಮನವಿ ಅನ್ನೋದನ್ನ ನೋಡಿ. ಪಾಲಿಕೆ ಕಂಪನಿಗೆ ಮನವಿ ಮಾಡತ್ತೆ, ಕಂಪನಿ ಅದನ್ನ ಎಚ್‌ಆರ್‌ಗೆ ದಾಟಿಸತ್ತೆ, ಎಚ್‌ಆರ್ ಮ್ಯಾನೇಜರ್ ತಲೆಗೆ ಕಟ್ಟತ್ತೆ, ಮ್ಯಾನೇಜರ್ "ಯು ಟೇಕ್ ಎ ಕಾಲ್" ಅಂತ ನಮ್ಮ ತಲೆಗೆ, ನಾವು ಗಣಪತಿ ತಲೆಗೆ. ಅವನ ಹಬ್ಬ ಹೇಗೂ ಮುಂದಿನ ವಾರವೇ ಇತ್ತು. ಅವತ್ತೇ ಸಂಜೆ ಮೋನೊರೈಲೊಂದು ಜನ ಹೆಚ್ಚಾಗಿ ಭಾರ ತಡೀಲಾರದೆ ಮೈಸೂರು ಕಾಲನಿ ಹತ್ರ ಆಕಾಶದಲ್ಲೇ ನಿಂತುಬಿಡ್ತು, ಐನೂರಕ್ಕೂ ಹೆಚ್ಚು ಜನರನ್ನ ಫೈರ್ ಬ್ರಿಗೇಡ್‌ನವರು ಏಣಿ ಹಚ್ಚಿ ಇಳಿಸಬೇಕಾಯ್ತು. ಊರಿಂದ ಅಮ್ಮ ಫೋನ್ ಮಾಡಿ "ಟಿವಿಲಿ ಮೈಸೂರು ಅಂತಿದಾರೆ, ಅಲ್ಲೂ ಹಂಗೇ ಮಳೆಯಾ" ಅಂತ ಕೇಳಿದ್ರು, ಅದು ಇಲ್ಲಿ ಮುಂಬೈಯ ಚೆಂಬೂರಮ್ಮಾ ಅಂತ ತಿಳಿಸಿ ಹೇಳೋದ್ರಲ್ಲಿ ಸಾಕಾಯ್ತು.

ಇನ್ನು ಟೀಮ್‌ನ ವಾಟ್ಸಾಪ್ ಗ್ರೂಪಿನ ಸಂಕಟ. ಬೆಳಗ್ಗೆ ಏಳಕ್ಕೇ ಎಲ್ಲರೂ ಆನ್‌ಲೈನ್ ಇರ್ತಾರೆ, ಒಬ್ಬರೂ ಬಾಯಿ ಬಿಡಲ್ಲ. ಯಾಕಂದ್ರೆ ಮೊದಲು "ನಾನು ಬರಲ್ಲ" ಅಂದವನ ಹೆಸರು ಅಪ್ರೈಸಲ್ ತನಕ ನೆನಪಿರತ್ತೆ, ಎರಡನೆಯವನದ್ದು ಯಾರಿಗೂ ನೆನಪಿರಲ್ಲ. ಹಾಗಾಗಿ ಎಲ್ಲರೂ ಎರಡನೆಯವರಾಗೋಕೆ ಕಾಯ್ತಾ ಕೂತಿರ್ತಾರೆ, ಪ್ರೈವೇಟಾಗಿ "ನೀನು ಹೋಗ್ತೀಯಾ?" "ನೀನು?" "ನೀನ್ ಹೇಳು ಮೊದ್ಲು" ನಡೀತಿರತ್ತೆ. ಕೊನೆಗೆ ಯಾರೋ ಪುಣ್ಯಾತ್ಮ, ಜೋರು ಮಳೆ ಬಂದಾಗೆಲ್ಲ ನೀರು ತುಂಬೋ ಹಿಂದ್ಮಾತಾದಲ್ಲಿ ಬಸ್ಸು ಅರ್ಧ ಮುಳುಗಿದ ಫೋಟೋ ಹಾಕ್ತಾನೆ, ಅದು ಹೋದ ವರ್ಷದ್ದು, ಆದ್ರೆ ಹಿಂದ್ಮಾತಾದಲ್ಲಿ ಹೋದ ವರ್ಷಕ್ಕೂ ಈ ವರ್ಷಕ್ಕೂ ಯಾರು ವ್ಯತ್ಯಾಸ ಹುಡುಕ್ತಾರೆ. ಅದಕ್ಕೆ ವರ್ಲಿಯ ಇಪ್ಪತ್ತನೇ ಮಹಡಿಯಿಂದ ಮ್ಯಾನೇಜರ್ ಉತ್ತರ: "ಸ್ಟೇ ಸೇಫ್ ಗೈಸ್! ಇಲ್ಲಂತೂ ಬರೀ ತುಂತುರು."

ಅವರು ಸುಳ್ಳು ಹೇಳ್ತಿದಾರೆ ಅಂತ ನಾನು ಹೇಳಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಅದೇ 24 ಗಂಟೇಲಿ ಇದೇ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73 ಚಿಲ್ಲರೆ. ಅವತ್ತು ಆಫೀಸಿಂದ ಹೊರಟು ಮನೆ ಮುಟ್ಟದೇ ಹೋದವರಿದ್ದಾರೆ, ಅದರ ಬಗ್ಗೆ ನಗೋಕಾಗಲ್ಲ. ಆದ್ರೆ ಈ ಊರಲ್ಲಿ ಕಿಟಕಿ ಯಾವ ಕಡೆಗಿದೆ ಅನ್ನೋದರ ಮೇಲೆ ಹವಾಮಾನ ನಿರ್ಧಾರ ಆಗತ್ತೆ, ಕಿಟಕಿಗಳೆಲ್ಲ ಮ್ಯಾನೇಜರುಗಳ ಹತ್ರ ಇವೆ.

ಇದೆಲ್ಲ ದಿಢೀರಂತ ಬರೋದೂ ಅಲ್ಲ. ಊರಿನ ಹಳೇ ಚರಂಡಿಗಳನ್ನ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿದ್ರೆ ಮಾತ್ರ. ಉಬ್ಬರ ಇದ್ದಾಗ ಜೋರು ಮಳೆ ಬಂದ್ರೆ ನೀರಿಗೆ ಹೋಗೋಕೆ ದಾರಿ ಇಲ್ಲ, ಪಂಪ್ ಹಚ್ಚಿ ತಳ್ಳಬೇಕು. ಯಾವ ಯಾವ ದಿನ ಅಲೆ 4.5 ಮೀಟರ್ ದಾಟತ್ತೆ ಅಂತ ಪಾಲಿಕೆಯವರು ಮಳೆಗಾಲಕ್ಕೆ ಮುಂಚೇನೇ ತಾರೀಕು, ಗಂಟೆ ಸಮೇತ ಪಟ್ಟಿ ಕೊಡ್ತಾರೆ. ಅಂದ್ರೆ ಚಂದ್ರನೂ ಸಮುದ್ರವೂ ತಮ್ಮ ಪ್ಲಾನನ್ನ ತಿಂಗಳುಗಟ್ಟಲೆ ಮೊದಲೇ ಶೇರ್ ಮಾಡಿರ್ತವೆ. ನಮ್ಮ ಕಂಪನಿ ಕ್ಯಾಲೆಂಡರಲ್ಲಿ ಯೋಗ ದಿನ ಇದೆ, ಎಥ್ನಿಕ್ ಡೇ ಇದೆ, ವಾಲಂಟಿಯರಿಂಗ್ ಡೇ ಇದೆ, ಉಬ್ಬರದ ದಿನ ಇಲ್ಲ. ಇಡೀ ಟೀಮ್ ಖುದ್ದಾಗಿ ಹಾಜರಿರಬೇಕಾದ ಟೌನ್‌ಹಾಲ್ ಮೀಟಿಂಗ್ ಮಾತ್ರ ಸರಿಯಾಗಿ ಅದೇ ದಿನ, ಅದೇ ಮಧ್ಯಾಹ್ನ.

ಇಷ್ಟರ ಮೇಲೆ ಪ್ರತಿ ಆಫೀಸಲ್ಲೂ ಒಬ್ಬ ಇರ್ತಾನೆ. ಕುರ್ಲಾ ಹತ್ರ ಲೋಕಲ್ ನಿಂತ್ರೆ ಕೆಳಗೆ ಹಾರಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಲ್ಯಾಪ್‌ಟಾಪನ್ನ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆ ಮೇಲಿಟ್ಕೊಂಡು, ಸಾಯನ್ ತನಕ ಹಳಿ ಮೇಲೆ ನಡೆದು, ಅಲ್ಲಿಂದ ಸಿಕ್ಕಿದ ಟೆಂಪೋ ಹತ್ತಿ ಬಂದೇ ಬಿಡ್ತಾನೆ. ಬಂದವನು ಸಾಕ್ಸ್ ಹಿಂಡಿ ಪ್ರಿಂಟರ್ ಮೇಲೆ ಹರವ್ತಾನೆ, ಬೂಟೊಳಗೆ ನ್ಯೂಸ್ ಪೇಪರ್ ತುರುಕ್ತಾನೆ, ಬರಿಗಾಲಲ್ಲೇ ಕೂತು "ಗುಡ್ ಮಾರ್ನಿಂಗ್ ಆಲ್, ರೀಚ್ಡ್" ಅಂತ ಗ್ರೂಪಿಗೆ ಹಾಕ್ತಾನೆ. ಮುಗೀತು, ಆ ದಿನ ಮನೇಲಿ ಕೂತವರೆಲ್ಲ ಆ ಕ್ಷಣಕ್ಕೆ ಸೋಮಾರಿಗಳು. ಮ್ಯಾನೇಜರ್‌ದು ಮೂರು ಚಪ್ಪಾಳೆ ಇಮೋಜಿ, "ದಿಸ್ ಈಸ್ ಮುಂಬೈ ಸ್ಪಿರಿಟ್". ಪ್ರಿಂಟರಿಂದ ಬರೋ ಕಾಗದಕ್ಕೆಲ್ಲ ಎರಡು ದಿನ ಅದೇ ಸ್ಪಿರಿಟ್ಟಿನ ವಾಸನೆ. ಅವನಿಗೆ ಆ ತಿಂಗಳು ಐನೂರು ರೂಪಾಯಿ ವೋಚರ್, ಜೊತೆಗೆ ಕಾಲ್ಬೆರಳ ಸಂದೀಲಿ ಹುಣ್ಣು.

ಬಂದವರಿಗೂ ಸುಖ ಇಲ್ಲ ಬಿಡಿ. ಮಧ್ಯಾಹ್ನ ಮೂರಕ್ಕೆ ಇನ್ನೊಂದು ಮೇಲ್: "ಬೇಗ ಹೊರಡಲು ಸೂಚಿಸಲಾಗಿದೆ". ಲೋಕಲ್ ನಿಂತು ಅದಾಗಲೇ ಒಂದು ಗಂಟೆ ಆಗಿರತ್ತೆ. ನಾವು ನಾಲ್ಕೈದು ಜನ ಹೊರಗೆ ಬಂದು ಎಲ್ಲಿಗೂ ಹೋಗೋಕಾಗದೆ ಕೆಳಗಿನ ಉಡುಪಿ ಹೋಟೆಲಿಗೆ ನುಗ್ಗಿದ್ವಿ. ಗಲ್ಲಾದಲ್ಲಿದ್ದ ಶೆಟ್ರು ಒಮ್ಮೆ ಮೇಲಿಂದ ಕೆಳಗೆ ನೋಡಿದ್ರು.

"ಎಂಥದು ಮಾರಾಯ್ರೆ, ಈ ಮಳೆಗೂ ಬಂದದ್ದಾ?"

"ಬರಬೇಡಿ ಅಂತ ಯಾರೂ ಹೇಳಿಲ್ಲ ಶೆಟ್ರೇ."

"ಬನ್ನಿ ಅಂತ ಹೇಳಿದ್ರಾ?"

"ಅದೂ ಇಲ್ಲ."

"ನನ್ನ ಹುಡುಗರು ಮೇಲೆ ಅಟ್ಟದಲ್ಲೇ ಮಲಗುದು, ಇಳಿದ್ರೆ ಡ್ಯೂಟಿ. ನಿಮ್ಮ ಕಂಪನಿಯವರಿಗೆ ಒಂದು ಅಟ್ಟ ಮಾಡಿಸ್ಲಿಕ್ಕೆ ಹೇಳಿ" ಅಂದು ಬಿಸಿ ನೀರು ಕಳಿಸಿದ್ರು. ಎಚ್‌ಆರ್ ಮೇಲಿಗಿಂತ ಸ್ಪಷ್ಟವಾದ ಪಾಲಿಸಿ ಅಂತ ನನಗನಿಸ್ತು, ಆದ್ರೆ ಜೋರಾಗಿ ಹೇಳಲಿಲ್ಲ, ಕೇಳಿಸ್ಕೊಂಡ್ರೆ ನಿಜಕ್ಕೂ ಮಾಡಿಸಿಬಿಡ್ತಾರೆ.

ಮರುದಿನ ಸೂರ್ಯ ಬಂದ, ಜೊತೆಗೆ ಅಟೆಂಡೆನ್ಸ್ ಪೋರ್ಟಲ್‌ನ ಕೆಂಪು ಗುರುತೂ ಬಂತು, ಇದು ಮಾತ್ರ ನಿಜವಾದ ರೆಡ್ ಅಲರ್ಟ್. ಹನ್ನೊಂದಕ್ಕೆ ಬಂದಿದ್ದಕ್ಕೆ ಹಾಫ್ ಡೇ. ಸರಿ ಮಾಡಿಸ್ಕೋಬೇಕಾದ್ರೆ ರೆಗ್ಯುಲರೈಸೇಶನ್ ಹಾಕಬೇಕು, ಕಾರಣ ಆರಿಸಬೇಕು. ಅಲ್ಲಿರೋದು ಕ್ಲೈಂಟ್ ವಿಸಿಟ್, ಪಂಚ್ ಮಾಡೋಕೆ ಮರೆತೆ, ಮೆಡಿಕಲ್, ಪರ್ಸನಲ್. ಮಳೆ ಅನ್ನೋ ಆಪ್ಶನ್ನೇ ಇಲ್ಲ. ಎಚ್‌ಆರ್‌ಗೆ ಫೋನ್ ಮಾಡಿದ್ರೆ ಆ ಹುಡುಗಿ ತುಂಬಾ ಮರ್ಯಾದೆಯಿಂದ "ಸರ್, ಪರ್ಸನಲ್ ಅಂತ ಹಾಕಿ" ಅಂದ್ಲು. ಹಾಕ್ದೆ. ಇಡೀ ಮುಂಬೈ ಮೇಲೆ ಸುರಿದ ಮಳೆ ಈಗ ರೆಕಾರ್ಡ್ ಪ್ರಕಾರ ನನ್ನ ಖಾಸಗಿ ವಿಷಯ. ಇನ್ನೂ ಅಪ್ರೂವ್ ಆಗಿಲ್ಲ, ಮ್ಯಾನೇಜರ್ ರಜೆ ಮೇಲಿದ್ದಾರೆ, ಫ್ಯಾಮಿಲಿ ಜೊತೆ ಲೋಣಾವಳಾಕ್ಕೆ ಹೋಗಿದಾರಂತೆ, ಮಳೆ ನೋಡೋಕೆ.