ಭೃಷ್ಟ ಎಂದರೆ ಹುರಿದದ್ದು

ಪ್ರತಿಭಟನೆಯ ಬ್ಯಾನರುಗಳಲ್ಲಿ, ಕೆಲವೊಮ್ಮೆ ಟಿವಿ ಪರದೆಯ ಮೇಲೂ ‘ಭೃಷ್ಟಾಚಾರ’ ಕಾಣಿಸುತ್ತದೆ. ಭಕಾರಕ್ಕೆ ವಟ್ರಸುಳಿ! ಸಂಸ್ಕೃತದಲ್ಲಿ ಭೃಷ್ಟ ಎಂದರೆ ಹುರಿದದ್ದು, ಧಾತು ಭ್ರಸ್ಜ್. ಕಡಲೆ ಹುರಿಯುವವರ ಆಚಾರ ಎಂದು ಬೇಕಾದರೆ ಅರ್ಥ ಮಾಡಿಕೊಳ್ಳಬಹುದು. ಇಲ್ಲಿ ಬರಬೇಕಾದದ್ದು ರ ಒತ್ತು: ಭ್ರಷ್ಟ.

ಇದರ ಧಾತು ‘ಭ್ರಂಶ್’. ಜಾರಿ ಬೀಳು, ಇದ್ದ ಜಾಗ ತಪ್ಪು ಎಂದರ್ಥ. ‘ತ’ ಪ್ರತ್ಯಯ ಹತ್ತಿದಾಗ ನಡುವಿನ ಅನುನಾಸಿಕ ಉದುರುತ್ತದೆ, ಶಕಾರ ಷಕಾರವಾಗುತ್ತದೆ, ಅದರ ಸಹವಾಸದಿಂದ ತಕಾರ ಟಕಾರವಾಗುತ್ತದೆ. ನಶ್ ‘ನಷ್ಟ’ವಾದದ್ದು, ದೃಶ್ ‘ದೃಷ್ಟ’ವಾದದ್ದು ಇದೇ ದಾರಿಯಲ್ಲಿ. ಮತಿಭ್ರಮಣೆಯ ‘ಭ್ರಮ್’ ಬೇರೆ ಧಾತು. ಅದು ಸುತ್ತುವುದು, ಬೀಳುವುದಲ್ಲ.

ಬಿದ್ದದ್ದು ಎಲ್ಲಿಂದ? ಹಳೆಯ ಪದಗಳಲ್ಲಿ ಉತ್ತರ ಮುಂದೆಯೇ ಕೂತಿರುತ್ತದೆ. ಸ್ಥಾನಭ್ರಷ್ಟ ಸ್ಥಾನದಿಂದ ಬಿದ್ದವನು. ಗೀತೆಯ 6ನೇ ಅಧ್ಯಾಯದ ಯೋಗಭ್ರಷ್ಟ ಯೋಗದಿಂದ ಜಾರಿದವನು. ಪಾಪ, ಅವನು ಕೆಟ್ಟವನೇನಲ್ಲ, ಮರುಜನ್ಮದಲ್ಲಿ ಒಳ್ಳೆಯ ಮನೆಯಲ್ಲೇ ಹುಟ್ಟುತ್ತಾನೆ. ಪತಂಜಲಿಯ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲಿ ‘ಗೌಃ’ (ಹಸು) ಎಂಬುದು ಗಾವೀ, ಗೋಣೀ ಎಂದೆಲ್ಲ ಆದದ್ದಕ್ಕೆ ಅಪಭ್ರಂಶ ಎಂದು ಹೆಸರು. ಅಲ್ಲಿ ಬಿದ್ದದ್ದು ಮಾತು. ಆಚಾರಭ್ರಷ್ಟ, ಜಾತಿಭ್ರಷ್ಟಗಳಲ್ಲಂತೂ ದುಡ್ಡಿನ ಸುಳಿವೇ ಇಲ್ಲ. ಮಡಿ ಮುರಿದವರಿಗೆ, ಕಟ್ಟಳೆ ಮೀರಿ ಮದುವೆಯಾದವರಿಗೆ ಅಂಟಿಸಿದ ಬಹಿಷ್ಕಾರದ ಪದಗಳವು. ಇಂದು ಪ್ರಾಮಾಣಿಕತೆಯ ಹೋರಾಟಕ್ಕೆ ಒದಗುತ್ತಿರುವ ಪದಕ್ಕೆ ಈ ಕಲೆಯೂ ಇದೆ.

‘ಆಚಾರಭ್ರಷ್ಟ’ ತಿರುವುಮುರುವಾದರೆ ‘ಭ್ರಷ್ಟಾಚಾರ’. ತತ್ಪುರುಷ ಸಮಾಸ ಹೋಗಿ ಕರ್ಮಧಾರಯ ಬಂತು. ಆಚಾರದಿಂದ ಬಿದ್ದ ಮನುಷ್ಯ ಮಾಯವಾಗಿ, ಬಿದ್ದ ಆಚಾರವಷ್ಟೇ ಉಳಿಯಿತು. ನನ್ನ ತಕರಾರು ಇರುವುದು ಇಲ್ಲೇ. ಈ ಪದದಲ್ಲಿ ಕೊಟ್ಟ ಕೈಯೂ ಕಾಣುವುದಿಲ್ಲ, ಇಸಕೊಂಡ ಕೈಯೂ ಕಾಣುವುದಿಲ್ಲ. ಲಂಚ ಹಾಗಲ್ಲ. 12ನೇ ಶತಮಾನದ ಶರಣೆ ಸತ್ಯಕ್ಕ ಲಂಚಕ್ಕೆ ಕೈಯೊಡ್ಡುವುದಿಲ್ಲ ಎಂದು ವಚನದಲ್ಲಿ ಭಾಷೆ ಕೊಡುತ್ತಾಳೆ. ಪದದ ಪಕ್ಕದಲ್ಲೇ ಕೈ ಇದೆ. ‘ಲಂಚ ಕೊಟ್ಟೆ’ ಎನ್ನಬಹುದು, ‘ಭ್ರಷ್ಟಾಚಾರ ಕೊಟ್ಟೆ’ ಎನ್ನಲಾಗದು.

ಕಾನೂನಿಗೂ ಈ ವ್ಯತ್ಯಾಸ ಬೇಕು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ವಿನಾಯಿತಿ. ಆ ದೂರಿನಲ್ಲಿ ‘ಕಚೇರಿಯಲ್ಲಿ ಭ್ರಷ್ಟಾಚಾರ ತಾಂಡವವಾಡುತ್ತಿದೆ’ ಎಂದು ಬರೆದರೆ ಏನೂ ಗಿಟ್ಟುವುದಿಲ್ಲ. ಯಾರು, ಯಾವತ್ತು, ಯಾವ ಕೆಲಸಕ್ಕೆ, ಎಷ್ಟು ರೂಪಾಯಿ ಲಂಚ ಕೇಳಿದರು ಎಂದು ಬರೆಯಬೇಕು.