ತೋಳದ ಮೇಲೆ ಪ್ರೀತಿಯಿದ್ದರೆ ಮೊದಲು ಊರನಾಯಿಗೆ ಲಸಿಕೆ ಹಾಕಿಸಿ

ಹಿಮದಲ್ಲಿ ನಿಂತು ಚಂದ್ರನ ಕಡೆ ಮುಖ ಎತ್ತಿ ಊಳಿಡುವ ದಪ್ಪ ತುಪ್ಪಳದ ತೋಳ ಎಷ್ಟು ಮಕ್ಕಳ ಮೊಬೈಲಿನಲ್ಲಿದೆಯೋ ಲೆಕ್ಕವಿಲ್ಲ. ಅದೇ ಮಕ್ಕಳಿಗೆ ಕೊಪ್ಪಳದ ಬಯಲಲ್ಲಿ, ಜೋಳದ ಹೊಲದ ಬದುವಿನ ಮೇಲೆ, ಬೇಸಿಗೆಯ ಬಿಸಿಲಲ್ಲೂ ತೋಳ ಓಡಾಡುತ್ತದೆ ಎಂದರೆ ಆಶ್ಚರ್ಯ. "ತೋಳ ಅಂದ್ರೆ ಪ್ರಾಣ, ಮುಂದೆ ಪ್ರಾಣಿಗಳನ್ನ ನೋಡ್ಕೊಳ್ಳೋ ಕೆಲಸಾನೇ ಮಾಡಬೇಕು" ಅನ್ನುವ ಹುಡುಗ ಹುಡುಗಿಯರು ಈಗ ಬಹಳ. ಆ ಆಸೆ ಸುಳ್ಳಲ್ಲ, ಚಿಕ್ಕದೂ ಅಲ್ಲ. ಆದರೆ ತೋಳದ ಆರೈಕೆ ತೋಳದ ಮರಿಯನ್ನು ಎತ್ತಿಕೊಳ್ಳುವುದರಿಂದ ಶುರುವಾಗುವುದಿಲ್ಲ. ಊರನಾಯಿಯ ಲಸಿಕೆಯಿಂದ, ಕುರಿಗಾಹಿ ಮಂದೆಯ ಸುತ್ತ ಕಟ್ಟುವ ಬಲೆಯಿಂದ ಶುರುವಾಗುತ್ತದೆ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಿದೆ.

ಮೊದಲು ನಮ್ಮ ತೋಳವನ್ನು ಸರಿಯಾಗಿ ನೋಡೋಣ. ತೂಕ 17ರಿಂದ 25 ಕಿಲೋ, ಅಂದರೆ ಒಂದು ಒಳ್ಳೆಯ ಸಾಕುನಾಯಿಯಷ್ಟೇ. ಕಾಲು ಉದ್ದ, ಎದೆ ಕಿರಿದು, ಬೇಸಿಗೆಯಲ್ಲಿ ಮೈಮೇಲೆ ತೆಳುವಾದ ಕೂದಲು, ಬಣ್ಣ ಒಣಹುಲ್ಲಿನದು. ಬಾಲ ನಾಯಿಯ ಹಾಗೆ ಸುರುಳಿಯಾಗುವುದಿಲ್ಲ, ನೇರ ಕೆಳಗೆ ಇಳಿಬಿದ್ದಿರುತ್ತದೆ. ಕಣ್ಣು ಜೇನಿನ ಬಣ್ಣ. ನಡೆಯುವಾಗ ಮುಂಗಾಲು ಇಟ್ಟ ಗುರುತಿನ ಮೇಲೇ ಹಿಂಗಾಲು ಇಡುತ್ತದೆ. ಹಾಗಾಗಿ ಮಣ್ಣಿನ ದಾರಿಯಲ್ಲಿ ಅದರ ಹೆಜ್ಜೆ ದಾರ ಹಿಡಿದು ಗೆರೆ ಎಳೆದಂತೆ ನೇರ ಸಾಗುತ್ತದೆ. ನಾಯಿಯ ಹೆಜ್ಜೆ ಅಡ್ಡಾದಿಡ್ಡಿ. ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದರೆ ಕುರಿಯ ಉಣ್ಣೆ, ಮೊಲದ ಕೂದಲು, ಮೂಳೆಯ ಚೂರು ಸಿಗುತ್ತವೆ. ಕೈಯಿಂದ ಮುಟ್ಟಬೇಡಿ, ಅದರಲ್ಲಿ ಲಾಡಿಹುಳುವಿನ ಮೊಟ್ಟೆ ಇರಬಹುದು. ದೇಶದಲ್ಲಿ ಈಗ ಉಳಿದಿರುವ ತೋಳಗಳ ಅಂದಾಜು ಸುಮಾರು 3,000, ಅಂದರೆ ಹುಲಿಗಿಂತ ಕಡಿಮೆ. ಹುಲಿಗೆ ಸಿಗುವ ಮರ್ಯಾದೆಯ ನೂರರಲ್ಲಿ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ. "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಈಗ ಮರಿಯ ವಿಷಯ. ನಮ್ಮ ಕಡೆ ತೋಳ ಹೆಚ್ಚಾಗಿ ನವೆಂಬರಿನಿಂದ ಫೆಬ್ರುವರಿಯೊಳಗೆ ಮರಿ ಹಾಕುತ್ತದೆ. ಗರ್ಭದ ಅವಧಿ ಎರಡು ತಿಂಗಳ ಆಸುಪಾಸು, ನಾಲ್ಕೈದು ಮರಿ ಸಾಮಾನ್ಯ. ಹಳ್ಳದ ದಂಡೆಯ ಬಿಲ, ಮುಳ್ಳುಹಂದಿ ಬಿಟ್ಟುಹೋದ ಗೂಡು, ಬಂಡೆಯ ಸಂದು ಅದಕ್ಕೆ ಸಾಕು. ದೊಡ್ಡ ತೋಳಗಳು ಬೇಟೆಗೆ ಹೋದಾಗ ಮರಿಗಳು ಬಿಲದಲ್ಲಿ ತಾವೇ ಇರುತ್ತವೆ. ಅದೇ ಹೊತ್ತಿಗೆ ಕಟ್ಟಿಗೆಗೋ ಕುರಿ ಹಿಂದೆಯೋ ಹೋದವರ ಕಣ್ಣಿಗೆ ಬೀಳುತ್ತವೆ. "ಪಾಪ, ತಾಯಿ ಇಲ್ಲದ ಮರಿ" ಎಂದು ಎತ್ತಿ ತರುತ್ತಾರೆ. ಕರುಣೆಯಿಂದಲೇ ನಡೆಯುವ ಅಪಹರಣ ಇದು. ಕಾನೂನಿನ ಕಣ್ಣಿಗೂ ಇದು ಬೇಟೆಯೇ: ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಆ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದೊಳಗೆ ಹಿಡಿಯುವುದೂ ಸೇರಿದೆ. ಕನಿಷ್ಠ ಮೂರು ವರ್ಷ ಜೈಲು.

ಕಾನೂನು ಬದಿಗಿರಲಿ, ಮರಿಗೆ ಏನಾಗುತ್ತದೆ ನೋಡಿ. ಮನೆಗೆ ತಂದ ಕೂಡಲೇ ಹಸುವಿನ ಹಾಲು ಕುಡಿಸುತ್ತಾರೆ. ನಾಯಿ ಜಾತಿಯ ತಾಯಿಹಾಲಿನಲ್ಲಿ ಕೊಬ್ಬು ಸುಮಾರು 9%, ಪ್ರೋಟೀನು 7ರಿಂದ 8%. ಹಸುವಿನ ಹಾಲಿನಲ್ಲಿ ಇವೆರಡೂ ಅದರ ಅರ್ಧಕ್ಕಿಂತ ಕಡಿಮೆ, ಹಾಲಿನ ಸಕ್ಕರೆ ಮಾತ್ರ ಜಾಸ್ತಿ. ಹೊಟ್ಟೆ ಕೆಡುತ್ತದೆ, ಭೇದಿಯಾಗುತ್ತದೆ, ನೀರಿನಂಶ ಇಳಿದು ಎರಡು ದಿನದಲ್ಲಿ ಮರಿ ಬಾಡುತ್ತದೆ. ಮಗುವಿಗೆ ಕುಡಿಸುವಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ಮೊದಲ ವಾರದಲ್ಲಿ ಮರಿಗೆ ತನ್ನ ಮೈಯ ಬಿಸಿ ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ, ಸುತ್ತ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅದು ಜೀರ್ಣವೇ ಆಗುವುದಿಲ್ಲ. ತಾಯಿ ನೆಕ್ಕಿದರಷ್ಟೇ ಮೂತ್ರ ಮಾಡುವ ವಯಸ್ಸದು, ಪ್ರತಿ ಸಲ ಕುಡಿಸಿದ ಮೇಲೂ ಒದ್ದೆ ಹತ್ತಿಯಿಂದ ಒರೆಸಬೇಕು. ಇದು ಗೊತ್ತಿಲ್ಲದವರೇ ಬಹಳ. ಪರಿಣತರ ಕೈಯಲ್ಲೂ ತಪ್ಪಾಗಿದೆ: ಹೊರದೇಶಗಳಲ್ಲಿ ಡಬ್ಬಿಯ ಹಾಲಿನಲ್ಲಿ ಸಾಕಿದ ತೋಳದ ಮರಿಗಳಿಗೆ ಕಣ್ಣಿನ ಪೊರೆ ಬಂದು, ಆಮೇಲೆ ನೋಡಿದರೆ ಆ ಹಾಲಿನಲ್ಲಿ ಅರ್ಜಿನೈನ್ ಎಂಬ ಒಂದೇ ಒಂದು ಅಮೈನೋ ಆಮ್ಲ ಕಡಿಮೆ ಇತ್ತು.

ಬದುಕಿ ಉಳಿದ ಮರಿಯ ಪಾಡು ಇನ್ನೂ ಕಷ್ಟ. ಎರಡು ವಾರಕ್ಕೆ ಕಣ್ಣು ಬಿಡುವ ತೋಳದ ಮರಿ ಆಗಲೇ ಸುತ್ತಲಿನ ಲೋಕವನ್ನು ಮೂಗಿನಿಂದ ಕಲಿಯಲು ಶುರು ಮಾಡುತ್ತದೆ. ನಾಯಿಮರಿಗೆ ಆ ಹಂತ ನಾಲ್ಕು ವಾರಕ್ಕೆ. ಆ ಹೊತ್ತಲ್ಲಿ ಮನುಷ್ಯರ ವಾಸನೆ ಕಲಿತರೆ ಮನುಷ್ಯರ ಭಯ ಹೋಗುತ್ತದೆ. ಆದರೆ ಎರಡು ವರ್ಷಕ್ಕೆ ಪ್ರಾಯ ಬಂದಾಗ ತೋಳದ ಗುಣ ಪೂರ್ತಿ ಬಂದೇ ಬರುತ್ತದೆ. ಸಾಕಿದವರನ್ನೇ ಎದುರಿಸುತ್ತದೆ, ಕೋಳಿ ಕುರಿ ಹಿಡಿಯುತ್ತದೆ. ಕಾಡಿಗೆ ಬಿಟ್ಟರೆ ಬೇಟೆ ಗೊತ್ತಿಲ್ಲ, ಭಯವಿಲ್ಲ, ಊರಿನ ಕಡೆಗೇ ಬಂದು ಕಲ್ಲು ಕೊಡಲಿಗೆ ಸಾಯುತ್ತದೆ. ನಾಯಿ ಮನುಷ್ಯನ ಜೊತೆ ಬಾಳಲು ಸಾವಿರಾರು ವರ್ಷ ಹಿಡಿದಿದೆ. ಒಂದು ಮನೆಯ ಪ್ರೀತಿಯಿಂದ ಅದು ಆಗುವ ಮಾತಲ್ಲ.

ಹಾಗಾದರೆ ಬಿಲ ಕಂಡರೆ? ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಫೋಟೋ ಬೇಡ, ವಿಡಿಯೋ ಬೇಡ, ಜಾಗದ ಹೆಸರನ್ನು ಎಲ್ಲಿಯೂ ಹಾಕಬೇಡಿ. ಮನುಷ್ಯರ ಓಡಾಟ ಹೆಚ್ಚಾದರೆ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ; ಆ ಸಾಗಾಟದಲ್ಲಿ ಮರಿಗಳು ನಾಯಿಗಳ ಬಾಯಿಗೆ ಬೀಳುತ್ತವೆ. ಮರಿ ಗಾಯಗೊಂಡಿದ್ದರೆ, ತಾಯಿ ಸತ್ತದ್ದು ಕಣ್ಣಾರೆ ಕಂಡಿದ್ದರೆ ಮಾತ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ, ಅವರು ಬರುವವರೆಗೆ ದೂರ ನಿಂತು ನಾಯಿಗಳನ್ನು ತಡೆಯಿರಿ.

ನಾಯಿಯ ವಿಷಯಕ್ಕೆ ಬರೋಣ, ಇದೇ ಮುಖ್ಯ. ತೋಳಕ್ಕೆ ಇವತ್ತಿನ ದೊಡ್ಡ ಅಪಾಯಗಳಲ್ಲಿ ಊರನಾಯಿ ಮುಂದಿನ ಸಾಲಿನಲ್ಲಿದೆ, ಮೂರು ದಾರಿಯಲ್ಲಿ. ಒಂದು, ಊಟಕ್ಕೆ ಪೈಪೋಟಿ. ಎರಡು, ಮಿಶ್ರತಳಿ: ನಾಯಿ ತೋಳ ಎರಡಕ್ಕೂ 78 ಕ್ರೋಮೋಸೋಮು, ಕೂಡಿದರೆ ಮರಿಯಾಗುತ್ತದೆ, ಆ ಮರಿಗೂ ಮರಿಯಾಗುತ್ತದೆ. ಮಹಾರಾಷ್ಟ್ರದ ಪುಣೆಯ ಹತ್ತಿರದ ಹುಲ್ಲುಗಾವಲಿನಲ್ಲಿ ಇಂಥ ಮಿಶ್ರ ತೋಳಗಳಿರುವುದು ಡಿಎನ್ಎ ಪರೀಕ್ಷೆಯಲ್ಲೇ ಖಚಿತವಾಗಿದೆ. ಜೋಡಿ ಸಿಗದ ಒಂಟಿ ತೋಳ ನಾಯಿಯ ಜೊತೆ ಸೇರುತ್ತದೆ. ಜಗತ್ತಿನ ತೋಳಗಳಲ್ಲೇ ಅತಿ ಹಳೆಯ ಕವಲುಗಳಲ್ಲಿ ಒಂದು ನಮ್ಮದು, ಅದು ಹೀಗೆ ಸದ್ದಿಲ್ಲದೆ ಕರಗುತ್ತದೆ. ಮೂರನೆಯದು ರೋಗ. ಡಿಸ್ಟೆಂಪರ್ ಎಂಬ ವೈರಸ್ ರೋಗ ಬಂದ ನಾಯಿಗೆ ಕಣ್ಣಲ್ಲಿ ಪಿಸುರು, ಮೂಗಲ್ಲಿ ಕೀವು, ಭೇದಿ, ಆಮೇಲೆ ದವಡೆ ಕಟಕಟ ಅದುರಿ ಫಿಟ್ಸು. ಆ ನಾಯಿ ತಿಂದುಬಿಟ್ಟ ಹೆಣವನ್ನು ರಾತ್ರಿ ತೋಳ ಮೂಸುತ್ತದೆ. ಒಂದು ಗುಂಪಿನಲ್ಲಿ ಇರುವುದೇ ಐದಾರು ತೋಳ, ಒಂದಕ್ಕೆ ತಗಲಿದರೆ ಉಳಿದವಕ್ಕೂ ತಗಲುತ್ತದೆ. ರೇಬಿಸ್ ಬಂದ ತೋಳವಂತೂ ಹಗಲಲ್ಲೇ ಊರೊಳಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚುತ್ತದೆ. ಆಮೇಲೆ ಆ ಸೀಮೆಯ ಎಲ್ಲ ತೋಳಗಳ ಮೇಲೂ ಊರಿಗೆ ಊರೇ ಹಗೆ ಸಾಧಿಸುತ್ತದೆ.

ಆದ್ದರಿಂದ ಲಸಿಕೆ. ರೇಬಿಸ್ ಲಸಿಕೆ ನಾಯಿಮರಿಗೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಊರಿನ ನೂರು ನಾಯಿಯಲ್ಲಿ 70ಕ್ಕಾದರೂ ಆಗಿದ್ದರೆ ಸೋಂಕಿನ ಸರಪಳಿ ಕಡಿಯುತ್ತದೆ. ಹತ್ತು ಹದಿನೈದಕ್ಕೆ ಹಾಕಿ ಫೋಟೋ ತೆಗೆಸಿಕೊಂಡರೆ ಏನೂ ಆಗುವುದಿಲ್ಲ. ಡಿಸ್ಟೆಂಪರ್, ಪಾರ್ವೊ (ನಾಯಿಮರಿಗಳಿಗೆ ರಕ್ತಭೇದಿ ತರುವ ವೈರಸ್) ಸೇರಿದ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, 16 ವಾರದವರೆಗೆ. ಒಂದೇ ಸಲ ಹಾಕಿ ಬಿಟ್ಟರೆ ಕೆಲಸ ಮಾಡದೇ ಇರಬಹುದು: ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನೇ ಹೊಡೆದುಹಾಕುತ್ತದೆ. ಹಳ್ಳಿಯ ಶಿಬಿರಗಳಲ್ಲಿ ಹೆಚ್ಚು ತಪ್ಪಾಗುವುದು ತಂಪಿನಲ್ಲಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಬೈಕಿನ ಡಿಕ್ಕಿಯಲ್ಲಿ ಎರಡು ಗಂಟೆ ಬಿಸಿಲು ತಿಂದ ಡಿಸ್ಟೆಂಪರ್ ಲಸಿಕೆಯನ್ನು ನಂಬುವಂತಿಲ್ಲ. ಹಾಗೆಂದು ಐಸಿನ ಮೇಲೆ ನೇರ ಇಟ್ಟು ರೇಬಿಸ್ ಲಸಿಕೆ ಹೆಪ್ಪುಗಟ್ಟಿದರೆ ಅದೂ ಹಾಳು. ನಡುವೆ ಬಟ್ಟೆಯೋ ರಟ್ಟೋ ಇರಲಿ. ಪುಡಿಯ ರೂಪದ ಲಸಿಕೆಗೆ ದ್ರವ ಬೆರೆಸಿದ ಮೇಲೆ ತಡಮಾಡದೆ ಹಾಕಿಬಿಡಬೇಕು. ಹಾಕಿದ ನಾಯಿಯ ಬೆನ್ನಿಗೆ ಬಣ್ಣದ ಗುರುತು ಮಾಡಿ, ಸಂಜೆ ಒಂದು ಸುತ್ತು ಹೊಡೆದು ಗುರುತಿಲ್ಲದವನ್ನು ಎಣಿಸಿ. ಕುರಿಗಾಹಿಗಳ ಜೊತೆ ತಿರುಗುವ ನಾಯಿಗಳನ್ನು ಮರೆಯಲೇಬೇಡಿ. ತೋಳಕ್ಕೆ ಎಲ್ಲಕ್ಕಿಂತ ಹತ್ತಿರ ಹೋಗುವುದು ಅವೇ.

ಕೋಳಿ ಫಾರಂನವರು ಸತ್ತ ಕೋಳಿಯನ್ನು ಹಳ್ಳಕ್ಕೆ ಸುರಿಯುವುದನ್ನು ನಿಲ್ಲಿಸದಿದ್ದರೆ ಇಷ್ಟೆಲ್ಲ ಮಾಡಿಯೂ ನೀರಲ್ಲಿ ಹೋಮ ಮಾಡಿದಂತೆ. ಆ ರಾಶಿಯಿಂದಲೇ ನಾಯಿಗಳ ಸಂಖ್ಯೆ ಏರುವುದು, ಅಲ್ಲೇ ತೋಳವೂ ನಾಯಿಯೂ ಮುಖಾಮುಖಿಯಾಗುವುದು. ಆಳದ ಗುಂಡಿ, ಮೇಲೆ ಸುಣ್ಣ, ಮೇಲೆ ಮಣ್ಣು. ಇದು ಪಂಚಾಯಿತಿಯಲ್ಲಿ ಕೂತು ಕೇಳಬೇಕಾದ ಮಾತು.

ಕುರಿಗಾಹಿಯನ್ನು ಖಳನಾಯಕ ಮಾಡುವ ಪ್ರಾಣಿಪ್ರೀತಿ ನಮಗೆ ಒಪ್ಪಿಗೆಯಿಲ್ಲ. ಬಯಲುಸೀಮೆಯಲ್ಲಿ ತೋಳ ಇಷ್ಟು ದಿನ ಉಳಿದಿರುವುದೇ ಕುರುಬರ ಮಂದೆಗಳ ಬೆನ್ನಿಗೆ. ಮಂದೆಯಲ್ಲಿ ತೋಳಕ್ಕೂ ಒಂದು ಪಾಲಿದೆ ಎಂಬ ಮಾತು ಹಳಬರಲ್ಲಿ ಇನ್ನೂ ಇದೆ. ಆದರೆ ಕುರಿಯ ಬೆಲೆ ಏರಿದ ಹಾಗೆ ಆ ಪಾಲು ಕೊಡುವುದು ಕಷ್ಟವಾಗುತ್ತದೆ, ಅದು ನ್ಯಾಯವೂ ಹೌದು. ಹೊಲದಲ್ಲಿ ಕುರಿ ತರುಬಿದಾಗ ಸುತ್ತ ಕಟ್ಟುವ ನೈಲಾನ್ ಬಲೆ ನಾಲ್ಕಡಿ ಇದ್ದರೆ ತೋಳ ಹಾರುತ್ತದೆ, ಆರಡಿ ಬೇಕು. ಅದಕ್ಕಿಂತ ಹೆಚ್ಚಾಗಿ ಅದು ನುಸುಳುವುದು ಬುಡದಿಂದ. ಬಲೆಯ ಕೆಳಗಿನ ಒಂದಡಿಯನ್ನು ಹೊರಗಡೆಗೆ ಮಡಿಸಿ ನೆಲಕ್ಕೆ ಹಾಸಿ, ಮೇಲೆ ಕಲ್ಲು ಸಾಲಾಗಿ ಇಟ್ಟರೆ ಅಗೆಯಲು ಬಂದ ತೋಳದ ಕಾಲು ಬಲೆಯ ಮೇಲೇ ಬೀಳುತ್ತದೆ, ಅಲ್ಲಿಗೆ ಬಿಟ್ಟು ಹೋಗುತ್ತದೆ. ಕುರಿಮರಿಗಳನ್ನು ನಡುವೆ ಇಟ್ಟು ಬುಟ್ಟಿ ಮುಚ್ಚಿ. ನಾಯಿಗಳೆಲ್ಲ ಒಂದೇ ಕಡೆ ಬೊಗಳಿ ಓಡಿದರೆ ಎದುರು ಬದಿಗೆ ಬ್ಯಾಟರಿ ಬಿಡಿ, ಒಂದು ತೋಳ ನಾಯಿಗಳನ್ನು ಎಳೆದೊಯ್ದು ಇನ್ನೊಂದು ಕುರಿಗೆ ಬರುವುದು ಎಲ್ಲ ಕುರಿಗಾಹಿಗಳಿಗೂ ಗೊತ್ತಿರುವ ಆಟ.

ಕುರಿ ಸತ್ತೇ ಹೋದರೆ ಹೆಣ ಕದಲಿಸದೆ, ಅಂದೇ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಪಶುವೈದ್ಯರ ವರದಿ, ಫೋಟೋ, ಸ್ಥಳದ ಪಂಚನಾಮೆ ಇದ್ದರೆ ಪರಿಹಾರದ ಅರ್ಜಿ ನಿಲ್ಲುತ್ತದೆ. ಹೆಣ ಹೂತ ಮೇಲೆ ಹೋದರೆ ಯಾರೂ ಕೇಳುವುದಿಲ್ಲ. ಓದಿದ ಹುಡುಗರು ಆ ಅರ್ಜಿ ಬರೆದುಕೊಟ್ಟರೆ ಅದು ತೋಳಕ್ಕೆ ಮಾಡಿದ ಸೇವೆಯೇ. ಯಾಕೆಂದರೆ ಪರಿಹಾರ ಸಿಗದ ಸಿಟ್ಟಿನಲ್ಲಿ ಅರ್ಧ ತಿಂದ ಕುರಿಗೆ ಬೆಳೆಯ ಕೀಟನಾಶಕ ಸುರಿದರೆ ಎರಡನೇ ರಾತ್ರಿ ಇಡೀ ಗುಂಪೇ ಸಾಯುತ್ತದೆ, ಜೊತೆಗೆ ನರಿ, ಹದ್ದು, ಅದೇ ಕುರಿಗಾಹಿಯ ನಾಯಿ.

ತೋಳ ಮನುಷ್ಯರ ಮೇಲೆ ಬೀಳುವುದೇ ಇಲ್ಲ ಎಂದು ಬರೆಯುವವರಿಗೂ ಒಂದು ಮಾತು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ಮಕ್ಕಳು ಸತ್ತಿದ್ದಾರೆ. ಬಾಗಿಲಿಲ್ಲದ ಮನೆ, ಅಂಗಳದಲ್ಲಿ ಮಲಗುವ ಮಕ್ಕಳು, ಕತ್ತಲು. ಅಪರೂಪ ನಿಜ, ಆದರೆ ಆ ತಾಯಂದಿರ ಮುಂದೆ ಅಪರೂಪ ಎಂಬ ಪದ ಆಡಬಾರದು. ತೋಳವಿರುವ ಕಡೆ ಮನೆಗೆ ಬಾಗಿಲು, ಬೀದಿಗೆ ದೀಪ, ಮನೆಯೊಳಗೆ ಶೌಚಾಲಯ ಕೇಳುವುದೂ ತೋಳದ ಪರವಾದ ಕೆಲಸ.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ಒಂದು ವನ್ಯಜೀವಿಧಾಮ ಆಗಿದೆ. ಜಾರ್ಖಂಡಿನ ಮಹುವಾಡಾಂಡ್ ತೋಳಧಾಮ 1976ರದು. ಅಷ್ಟು ವರ್ಷಗಳ ನಂತರ ನಮ್ಮದು ಬಂತು. ಸಂತೋಷದ ಸಂಗತಿ. ಆದರೆ ಬಂಕಾಪುರದ್ದು ಕೆಲವು ನೂರು ಎಕರೆ, ಒಂದು ಗುಂಪಿನ ತಿರುಗಾಟ ನೂರಕ್ಕೂ ಹೆಚ್ಚು ಚದರ ಕಿಲೋಮೀಟರು. ಉಳಿದದ್ದೆಲ್ಲ ಗೋಮಾಳ, ಕಾವಲು, ಬೀಳು ಹೊಲ. ಅದನ್ನು ದಾಖಲೆಯಲ್ಲಿ 'ಪಾಳು ಭೂಮಿ' ಎಂದು ಬರೆದಿರುವವರೆಗೂ ಅಲ್ಲಿ ಸೋಲಾರ್ ಬೇಲಿ ಏಳುತ್ತದೆ, ಇಲ್ಲವೇ ನೀಲಗಿರಿ ನೆಟ್ಟು ಕಾಡು ಬೆಳೆಸಿದೆವು ಎನ್ನುತ್ತಾರೆ. ಹುಲ್ಲು ಇರಬೇಕಾದ ಕಡೆ ಗಿಡ ನೆಟ್ಟರೆ ತೋಳಕ್ಕೆ ಅದು ಮನೆ ಕಳೆದುಕೊಂಡಂತೆಯೇ.

ಇದನ್ನೇ ಬದುಕಿನ ಕೆಲಸ ಮಾಡಿಕೊಳ್ಳುವ ಆಸೆ ಇದ್ದವರು ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ತೆಗೆದುಕೊಳ್ಳಿ. ಪಶುವೈದ್ಯ ಪದವಿ ಬಿ.ವಿ.ಎಸ್ಸಿ. ಐದೂವರೆ ವರ್ಷ, ಕೊನೆಯ ವರ್ಷ ಇಂಟರ್ನ್‌ಶಿಪ್; ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಸರ್ಕಾರಿ ಕಾಲೇಜುಗಳಿವೆ. ಮೃಗಾಲಯದ ಕೆಲಸವೆಂದರೆ ಮುದ್ದಾಡುವುದಲ್ಲ ಎಂಬುದೂ ಗೊತ್ತಿರಲಿ. ಬೆಳಿಗ್ಗೆ ಹಿಕ್ಕೆ ಎತ್ತಿ ನೋಡುವುದರಿಂದ ದಿನ ಶುರು. ಬರೀ ಮೆತ್ತನೆ ಮಾಂಸ ಹಾಕಿದರೆ ಅದರಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಸುಣ್ಣದಂಶ ಇಲ್ಲವೆಂಬಷ್ಟು ಕಡಿಮೆ. ಮರಿಗಳ ಕಾಲು ಬಾಗಿ ಮೂಳೆ ಮುರಿಯುತ್ತದೆ. ಆದ್ದರಿಂದ ಮೂಳೆ ಸಹಿತ ಮಾಂಸ. ಬೋನಿನ ಎರಡು ಬಾಗಿಲಲ್ಲಿ ಒಂದನ್ನು ಚಿಲಕ ಹಾಕಿ ಕೈಯಿಂದ ಎಳೆದು ನೋಡಿದ ಮೇಲೇ ಇನ್ನೊಂದನ್ನು ತೆಗೆಯುವುದು. ತೋಳ ಬೇಲಿಯುದ್ದಕ್ಕೂ ಒಂದೇ ಗೆರೆಯಲ್ಲಿ ತಿರುಗುತ್ತಿದ್ದರೆ ಅದು ಆಟವಲ್ಲ, ಬೇಸರ. ಆಹಾರವನ್ನು ಬಚ್ಚಿಟ್ಟು ಹುಡುಕಲು ಬಿಡಬೇಕು, ಅಗೆಯಲು ಮಣ್ಣು ಕೊಡಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಪಶುಪಾಲನಾ ಇಲಾಖೆಯವರು ನಾಯಿಗಳಿಗೆ ಉಚಿತ ಲಸಿಕೆ ಹಾಕುವ ಹೊತ್ತು. ಆಗಸ್ಟಿನಲ್ಲೇ ನಿಮ್ಮೂರ ಪಶು ಆಸ್ಪತ್ರೆಗೆ ಹೋಗಿ ಎಷ್ಟು ಡೋಸ್ ಬರುತ್ತದೆ ಕೇಳಿ, ಓಣಿ ಓಣಿ ತಿರುಗಿ ನಾಯಿಗಳ ಪಟ್ಟಿ ಮಾಡಿ, ಹಿಡಿಯಲು ಗೊತ್ತಿರುವ ಇಬ್ಬರನ್ನು ಜೊತೆ ಮಾಡಿಕೊಳ್ಳಿ. ಹಿಡಿಯುವವರಿಗೆ ಮುಂಚೆಯೇ ರೇಬಿಸ್ ಚುಚ್ಚುಮದ್ದು ಆಗಿರಲಿ. ನವೆಂಬರಿನಲ್ಲಿ ತೋಳ ಬಿಲ ಹುಡುಕುವ ಮೊದಲು ಈ ಕೆಲಸ ಮುಗಿದಿರಬೇಕು.