ಬಾಕಿ ಮೂರು

ಭೂಮಿಯನ್ನು ಪಾಲು ಮಾಡಿಕೊಂಡವರು ರಾಜರು, ಚಕ್ರವರ್ತಿಗಳು ಅಂತ ಶಾಲೆಯಲ್ಲಿ ಓದಿದ್ದೆ. ಡಿವಿಡಿ ಮಾಡುವವರೂ ಮಾಡಿಕೊಂಡಿದ್ದಾರೆ, ಅದೂ ಆರು ಪಾಲು. ಒಂದು ಪಾಲಿಗೆ ಅಂತ ಮಾಡಿದ ಡಿಸ್ಕು ಇನ್ನೊಂದು ಪಾಲಿನ ಪ್ಲೇಯರಿನಲ್ಲಿ ಓಡುವುದಿಲ್ಲ. ಅಮೆರಿಕ, ಕೆನಡಾ ಒಂದನೇ ಪಾಲು. ಇಂಗ್ಲೆಂಡು, ಜಪಾನು ಎರಡನೇದು. ನಮ್ಮನ್ನು ರಷ್ಯಾದ ಜೊತೆಗೆ, ಆಫ್ರಿಕಾದ ಬಹುಭಾಗದ ಜೊತೆಗೆ ಐದನೇದಕ್ಕೆ ತಳ್ಳಿದ್ದಾರೆ. ಡಿವಿಡಿಯ ನಂತರದ ಡಿಸ್ಕು ಬ್ಲೂ-ರೇ ಬರುವ ಹೊತ್ತಿಗೆ ಅವರಿಗೂ ಸುಸ್ತಾಯಿತೋ ಏನೋ, ಎ, ಬಿ, ಸಿ ಅಂತ ಮೂರಕ್ಕೇ ಮುಗಿಸಿದರು. ಅಮೆರಿಕಕ್ಕೆ ಎ. ನಮಗೆ ಸಿ. ಇನ್ನೇನು ಬಂದೀತು!

ಒಂದು ದೇಶದ ಥಿಯೇಟರಿಗೆ ಸಿನಿಮಾ ಬರುವ ಮೊದಲೇ ಇನ್ನೊಂದು ದೇಶದ ಡಿಸ್ಕು ಅಲ್ಲಿಗೆ ಬಂದು ಕೂತರೆ ವ್ಯಾಪಾರ ಕೆಡುತ್ತದಲ್ಲ, ಅದಕ್ಕೆ ಈ ಬೇಲಿಯಂತೆ. ಸರಿಯಪ್ಪ, ಒಪ್ಪಿದೆ. ಆದರೆ ನಮ್ಮನೆಗೆ ಬಂದಿರುವುದು 1964ರ ಕಪ್ಪು-ಬಿಳುಪು ಸಿನಿಮಾ, ಇಂಗ್ಲೆಂಡಿನ ನಾಲ್ವರು ಹಾಡುಗಾರರ ತಂಡ ಬೀಟಲ್ಸ್‌ನವರ ‘ಎ ಹಾರ್ಡ್ ಡೇಸ್ ನೈಟ್’. ಅದು ಇನ್ನೂ ಮೈಸೂರಿನ ಯಾವ ಟಾಕೀಸಿಗೆ ಬರಬೇಕು ಅಂತ ಕಾಯುತ್ತಿದ್ದಾರೆ?

ತಂದವನು ನನ್ನ ಮೈದುನ, ನ್ಯೂಜೆರ್ಸಿಯಿಂದ. ಮಾವನಿಗೆ ಇಷ್ಟ ಅಂತ, ಸಿನಿಮಾಕ್ಕೆ ಐವತ್ತು ತುಂಬಿದಾಗ 2014ರಲ್ಲಿ ಅಮೆರಿಕದಲ್ಲಿ ಬಿಟ್ಟ ಪೆಟ್ಟಿಗೆಯನ್ನೇ ಹುಡುಕಿ ತಂದಿದ್ದ. ಒಳಗೆ ಒಂದು ಬ್ಲೂ-ರೇ, ಎರಡು ಡಿವಿಡಿ, ಒಂದು ಪುಸ್ತಕ. ಮೂಲದ ಮೋನೋ ಧ್ವನಿ ಬೇಕಾ, ಸ್ಟೀರಿಯೋ ಬೇಕಾ, ಐದು ಸ್ಪೀಕರಿನದು ಬೇಕಾ, ಎಲ್ಲ ಉಂಟು. ನಮ್ಮ ಪ್ಲೇಯರಿನಲ್ಲಿ ಹಾಕಿದರೆ ಮಾತ್ರ ಒಂದು ಧ್ವನಿಯೂ ಇಲ್ಲ. ‘ಈ ಪ್ರದೇಶದಲ್ಲಿ ನಡೆಯುವುದಿಲ್ಲ’ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ತಮಾಷೆ ಅಂದರೆ, ಆ ನಾಲ್ವರು ಹುಟ್ಟಿದ ಲಿವರ್‌ಪೂಲಿನವನು ಈ ಪೆಟ್ಟಿಗೆ ತರಿಸಿಕೊಂಡರೂ ಇದೇ ಗತಿ. ಅವನು ಬಿ.

“ಅಜ್ಜಾ, ಫೋನಲ್ಲೇ ನೋಡಬಹುದು” ಅಂದ ನನ್ನ ಮಗ. ಮಾವ ಅವನ ಕಡೆ ನೋಡಲೂ ಇಲ್ಲ.

ಕೊನೆಗೆ ನೆನಪಾಗಿದ್ದು ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರು. ಅದರಲ್ಲಿ ಡಿವಿಡಿ ಡ್ರೈವ್ ಇದೆ. ಧೂಳು ಒರೆಸಿ, ಡಿಸ್ಕು ಹಾಕಿದ್ದಾಯಿತು. ಒಂದು ಚೌಕ ತೆರೆದುಕೊಂಡಿತು: ಪ್ರದೇಶ ಬದಲಿಸುತ್ತೀರಾ? ಇಂಥ ಡ್ರೈವಿಗೆ ಒಟ್ಟು ಐದು ಸಲವಷ್ಟೇ ಆ ಅವಕಾಶ. ಐದನೇ ಸಲ ಯಾವುದು ಇಡುತ್ತೀರೋ ಆಮೇಲೆ ಅದೇ ಕಾಯಂ. ಭಾರತ ಅಂತ ಇಡಲು ಒಂದು ಖರ್ಚಾಗಿತ್ತು. ಉಳಿದದ್ದು ನಾಲ್ಕು.

ನಾನು ‘ಸರಿ’ ಒತ್ತಲು ಕೈ ಚಾಚಿದೆ.

“ನಿಲ್ಲಮ್ಮಾ!” ಅಂದರು ಮಾವ.

ಅವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಅವಧಿಗೆ ಮುಂಚೆ ಎಫ್‌ಡಿ ಮುರಿಸಲು ಬಂದವರನ್ನು ಹೇಗೆ ನೋಡುತ್ತಿದ್ದರೋ ನನ್ನನ್ನೂ ಹಾಗೇ ನೋಡಿದರು. “ನಾಲ್ಕೇ ಇರೋದು. ನಾಳೆ ಏನಾದರೂ ಅರ್ಜೆಂಟ್ ಬಂದರೆ?”

ಡಿವಿಡಿ ಪ್ರದೇಶದಲ್ಲಿ ಎಂಥ ಅರ್ಜೆಂಟ್ ಬರುತ್ತದೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ಕೇಳಿದರು. ಅದಕ್ಕೆ ಮಾವ, “ನಿನ್ನ ರಾಜಕುಮಾರ್ ಪಿಕ್ಚರುಗಳ ಗತಿ?” ಅಂತ ತಿರುಗಿಸಿದರು. ಕನ್ನಡ ಸಿನಿಮಾದ ಡಿವಿಡಿಗಳಿಗೆ ಸಾಮಾನ್ಯವಾಗಿ ಬೇಲಿಯೇ ಇರುವುದಿಲ್ಲ, ಎಲ್ಲಿ ಹಾಕಿದರೂ ಓಡುತ್ತವೆ ಅಂತ ನಾನು ಹೇಳಿದೆ. ಅದನ್ನು ಪರಿಶೀಲನೆಗೆ ಇಟ್ಟುಕೊಂಡರು. ಅತ್ತೆಯ ಡಿವಿಡಿಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಬೆನ್ನು ತಿರುಗಿಸಿ, ಕನ್ನಡಕ ಏರಿಸಿ ಇಳಿಸಿ ಭೂಗೋಳದ ಗುರುತು ಹುಡುಕಿದರು. ಪಕ್ಕದ ಮನೆಯ ಎಂಜಿನಿಯರ್ ಹುಡುಗನನ್ನು ಕರೆಸಿ ಎರಡನೇ ಅಭಿಪ್ರಾಯ ಪಡೆದರು. ಮಧ್ಯೆ ಊಟವಾಯಿತು, ಅವರ ನಿದ್ದೆಯೂ ಆಯಿತು. ಚೌಕ ಪರದೆಯ ಮೇಲೆ ಹಾಗೇ ಕಾಯುತ್ತಿತ್ತು. ಭಾನುವಾರದ ಮಧ್ಯಾಹ್ನ ಒಂದೇ ಸಿಗುವುದು ನನಗೆ. ಅದು ಕಣ್ಣೆದುರೇ ಹೋಯಿತು.

ಸಂಜೆ ಕಾಫಿ ಕುಡಿದು ತಮ್ಮ ಲೆಕ್ಕದ ಪುಸ್ತಕ ತೆಗೆದರು. ಹಾಲು, ಗ್ಯಾಸು, ಮುನ್ಸಿಪಾಲಿಟಿ ಕಂದಾಯ ಬರೆಯುವ ಪುಸ್ತಕ. ಹೊಸ ಪುಟದಲ್ಲಿ ತಾರೀಖು ಹಾಕಿ, ‘ಡಿವಿಡಿ ಪ್ರದೇಶ ಬದಲಾವಣೆ. ಖರ್ಚು 1. ಬಾಕಿ 3’ ಅಂತ ಬರೆದು, ಕೆಳಗೆ ಸಹಿ ಮಾಡಿದರು. ಆಮೇಲೆ ತಾವೇ ಒತ್ತಿದರು.

ಸಿನಿಮಾ ಶುರುವಾಗುವುದೇ ಗಿಟಾರಿನ ಒಂದು ಜಂಗನೆ ಮೀಟಿನಿಂದ. ಆ ಒಂದು ಮೀಟಿನಲ್ಲಿ ಯಾವ ಯಾವ ಸ್ವರ ಇದೆ ಅಂತ ತಿಳಿದವರು ದಶಕಗಟ್ಟಲೆ ಜಗಳ ಆಡಿದ್ದಾರೆ. ಮಾವನಿಗೆ ಆ ತಾಪತ್ರಯವಿಲ್ಲ. ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಓದುವಾಗ ಪಕ್ಕದ ಡಾಕ್ಟರ ಮನೆಯ ರೇಡಿಯೋದಲ್ಲಿ, ಸಿಲೋನ್ ಸ್ಟೇಷನ್ನಿನಲ್ಲಿ, ಅದು ಬಂದರೆ ಇವರು ಬೇಲಿಯ ಈಚೆ ನಿಂತು ಕೇಳುತ್ತಿದ್ದರಂತೆ. ಒಳಗೆ ಕರೆಯುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ. ಹಾಡುವವರ ಮುಖ ಹೇಗಿದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಶಿವಮೊಗ್ಗದಲ್ಲಿ, ಯಾವುದೋ ಹಳೇ ಪತ್ರಿಕೆಯಲ್ಲಿ. ಪರದೆಯ ಮೇಲೆ ಆ ನಾಲ್ವರು, ಹುಡುಗಿಯರ ಹಿಂಡಿನಿಂದ ತಪ್ಪಿಸಿಕೊಂಡು, ರೈಲ್ವೆ ಸ್ಟೇಷನ್ನಿಗೆ ಓಡುತ್ತಿದ್ದಾಗ ಮಾವ ಒಂದು ಮಾತೂ ಆಡಲಿಲ್ಲ. ನಾನೂ ಕೋಪ ಮರೆತಿದ್ದೆ.

ಅದು ಹೆಚ್ಚು ಹೊತ್ತು ನಡೆಯಲಿಲ್ಲ. ಕಥೆಯಲ್ಲಿ ನಾಲ್ವರಲ್ಲೊಬ್ಬನಾದ ಪಾಲ್‌ನ ಅಜ್ಜ ಅಂತ ಒಬ್ಬ ಬರುತ್ತಾನೆ. ಶುಭ್ರವಾಗಿ ಡ್ರೆಸ್ ಮಾಡಿಕೊಂಡು, ಸಾಧುವಿನ ಮುಖ ಇಟ್ಟುಕೊಂಡು, ಹೋದಲ್ಲೆಲ್ಲ ತಂದಿಡುವ ಮುದುಕ. ಮಾವನಿಗೆ ಅವನು ಎಷ್ಟು ಹಿಡಿಸಿದ ಅಂದರೆ, ಹಾಡು ಬಂದಾಗೆಲ್ಲ ಮುಂದಕ್ಕೆ ಓಡಿಸಿ “ಅವನೆಲ್ಲಿ, ಅವನೆಲ್ಲಿ” ಅಂತ ಹುಡುಕತೊಡಗಿದರು. ಬೀಟಲ್ಸ್ ಸಿನಿಮಾದಲ್ಲಿ ಬೀಟಲ್ಸ್ ಹಾಡು ಓಡಿಸಿ ನೋಡಿದ ಮನೆ ನಮ್ಮದೊಂದೇ ಇರಬೇಕು. ಎಂಬತ್ತೇಳು ನಿಮಿಷದ ಚಿತ್ರ ಸುಮಾರು ಅರ್ಧದಲ್ಲಿ ಮುಗಿಯಿತು.

ಮಾರನೇ ದಿನ ಬೆಳಿಗ್ಗೆ, ಡ್ರೈವನ್ನು ವಾಪಸ್ ಭಾರತಕ್ಕೆ ತರೋಣವಾ ಅಂತ ಸುಮ್ಮನೆ ಕೇಳಿದೆ.

“ಇನ್ನೊಂದು ಖರ್ಚು ಮಾಡಬೇಕಾ? ಹೇಗೂ ಅಮೆರಿಕ ಆಗಿದೆಯಲ್ಲ, ಅಲ್ಲಿಂದಲೇ ಇನ್ನಷ್ಟು ತರಿಸೋಣ” ಅಂದರು ಮಾವ. ಮೈದುನನಿಗೆ ಪಟ್ಟಿ ಹೋಗಿದೆ. ನಾನು ಕೇಳಿದ್ದ ಮಿಕ್ಸಿ ಜಾರು ತೂಕ ಜಾಸ್ತಿ ಅಂತ ಅದರಿಂದ ತೆಗೆದುಹಾಕಿದ್ದಾರೆ.